ಜನಸಂಖ್ಯೆ, ಜೀವನೋಪಾಯ ಮತ್ತು ಶ್ರಾವಕಧರ್ಮ

ನಾಡಿನಲ್ಲಿ ಬಡತನ ಕಂಡಾಗ ಅದಕ್ಕೆ ಕಾರಣ ಹೇಳುವುದು ಸುಲಭ. ಆ ಕಾರಣದಲ್ಲಿ ತನ್ನ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ. 'ಜನ ಹೆಚ್ಚಾದರು, ಭೂಮಿ ಇದ್ದಷ್ಟೇ ಉಳಿಯಿತು' ಎಂಬ ಮಾತು ಪೇಟೆಯ ಅಂಗಡಿಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದು ಪೂರ್ಣಸತ್ಯವೇ, ಅದನ್ನು ನುಡಿದ ಮಾತ್ರಕ್ಕೆ ನುಡಿದವನ ಹೊಣೆ ತೀರಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ತಕ್ಕ ಸ್ಥಳಗಳು. ಏಕೆಂದರೆ ಇಲ್ಲಿ ಹೊಲವೂ ಪೇಟೆಯೂ ಒಂದಕ್ಕೊಂದು ಮುಖಾಮುಖಿಯಾಗಿ ನಿಂತಿವೆ. ಒಂದರ ಸುಖದುಃಖ ಇನ್ನೊಂದರ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡುತ್ತದೆ.

ಮೊದಲು ಅಂಕಿಗಳನ್ನು ನೋಡೋಣ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 15,97,668 ಜನರಿದ್ದರು. ಚದರ ಕಿಲೋಮೀಟರಿಗೆ 331 ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನರ ವಾಸ ಹಳ್ಳಿಗಳಲ್ಲಿ. ತುಂಗಭದ್ರೆ, ವರದಾ, ಕುಮುದ್ವತಿ, ಧರ್ಮಾ ನದಿಗಳು ಹರಿಯುವ ನಾಡಾದರೂ ಬಹುಭಾಗದ ಬೇಸಾಯ ಮಳೆಯನ್ನೇ ನೆಚ್ಚಿಕೊಂಡಿದೆ. ಕರ್ನಾಟಕದಲ್ಲಿ 1970-71ರಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 3.20 ಹೆಕ್ಟೇರ್ ಇದ್ದುದು 2015-16ರ ಕೃಷಿ ಗಣತಿಯ ವೇಳೆಗೆ 1.36 ಹೆಕ್ಟೇರಿಗೆ ಇಳಿಯಿತು. ಎಂದರೆ ಸುಮಾರು ಎಂಟು ಎಕರೆಯ ಹೊಲ ಮೂರು ಎಕರೆ ಹದಿನಾಲ್ಕು ಗುಂಟೆಯಾಯಿತು. ತಾತನ ಕಾಲದಲ್ಲಿ ಒಂದು ಜೋಡಿ ಎತ್ತಿಗೆ ಕೆಲಸ ಕೊಡುತ್ತಿದ್ದ ಭೂಮಿ ಮೊಮ್ಮಕ್ಕಳ ಕಾಲಕ್ಕೆ ಒಂದು ಸಂಸಾರದ ವರ್ಷದ ಊಟಕ್ಕೂ ಸಾಲದಾಯಿತು.

ಈ ಅಂಕಿಗಳನ್ನು ಕಂಡವರಿಗೆ ಮಾಲ್ಥಸನ ನೆನಪಾಗುವುದು ಸಹಜ. ಜನಸಂಖ್ಯೆಯು ಆಹಾರೋತ್ಪಾದನೆಗಿಂತ ವೇಗವಾಗಿ ಬೆಳೆಯುತ್ತದೆ, ಆದುದರಿಂದ ದಾರಿದ್ರ್ಯ ಅನಿವಾರ್ಯ ಎಂದು ಆತ 1798ರಲ್ಲಿ ವಾದಿಸಿದ. ಈ ವಾದದ ಆಕರ್ಷಣೆ ಇರುವುದು ಅದರ ಗಣಿತದಲ್ಲಷ್ಟೇ ಅಲ್ಲ. ಬಡವನ ಬಡತನಕ್ಕೆ ಬಡವನ ಮನೆಯ ತೊಟ್ಟಿಲನ್ನೇ ಕಾರಣವಾಗಿ ತೋರಿಸಿ ಅದು ಉಳಿದವರೆಲ್ಲರನ್ನೂ ಋಣಮುಕ್ತರನ್ನಾಗಿ ಮಾಡುತ್ತದೆ. ಆದರೆ ಇಂದಿನ ಕರ್ನಾಟಕದ ಸ್ಥಿತಿ ಈ ವಾದಕ್ಕೆ ಒಪ್ಪುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತಲೂ ಇದು ಕಡಿಮೆ. ಹೊಲದ ವಿಭಜನೆ ಹಿಂದಿನ ತಲೆಮಾರಿನ ದೊಡ್ಡ ಸಂಸಾರಗಳ ಫಲವೆಂಬುದು ನಿಜ. ಆದರೆ ತೊಟ್ಟಿಲುಗಳು ಕಡಿಮೆಯಾದ ಮೇಲೂ ರೈತನ ಸಾಲ ಕಡಿಮೆಯಾಗಲಿಲ್ಲ. ರೈತರ ಆತ್ಮಹತ್ಯೆಯ ಸುದ್ದಿ ಈ ಜಿಲ್ಲೆಯಿಂದ ಮತ್ತೆ ಮತ್ತೆ ಬಂದಿದೆ. ಹಾಗಾದರೆ ದುಃಖದ ಮೂಲವನ್ನು ತಲೆಗಳ ಎಣಿಕೆಯಾಚೆಗೆ ಹುಡುಕಬೇಕಾಗುತ್ತದೆ.

ಜನ ಮತ್ತು ಜೀವನೋಪಾಯಗಳ ಈ ಪ್ರಶ್ನೆ ಜೈನಪುರಾಣಕ್ಕೆ ಹೊಸದಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ ಅದನ್ನು ಅನುಸರಿಸಿ 941ರಲ್ಲಿ ರಚಿತವಾದ ಪಂಪನ ಕಾವ್ಯದಲ್ಲಿಯೂ ಭೋಗಭೂಮಿಯು ಕರ್ಮಭೂಮಿಯಾಗಿ ಮಾರ್ಪಟ್ಟ ಕಥೆ ಬರುತ್ತದೆ. ಜಿನಸೇನರ ಶಿಷ್ಯ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದುದು ಒಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಜಿಲ್ಲೆಯ ಬಂಕಾಪುರದಲ್ಲಿ ಎಂಬುದನ್ನು ಓದುಗರು ಇಲ್ಲಿ ಸ್ಮರಿಸಬಹುದು. ಕಲ್ಪವೃಕ್ಷಗಳು ಕ್ಷೀಣಿಸಿದಾಗ ಜನರಲ್ಲಿ ಮೊದಲು ಹುಟ್ಟಿದುದು ಕಲಹ. ಕುಲಕರರಾದ ಸೀಮಂಕರ, ಸೀಮಂಧರರು ಎಲ್ಲೆಗಳನ್ನು ಗೊತ್ತುಮಾಡಿದರು. ಎಲ್ಲೆಯೂ ಸಾಲದಾದಾಗ ನಾಭಿರಾಜನು ಕಂಗಾಲಾದ ಪ್ರಜೆಗಳನ್ನು ವೃಷಭನಾಥನ ಬಳಿಗೆ ಕಳುಹಿಸಿದನು. ಆ ಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಉಪದೇಶಿಸಿದನು. ಪುರಾಣವನ್ನು ಇತಿಹಾಸದಂತೆ ಓದಬೇಕಾಗಿಲ್ಲ. ಅದರ ವಿಚಾರಕ್ರಮವನ್ನು ಗಮನಿಸಿದರೆ ಸಾಕು. ಕೊರತೆ ಬಂದಾಗ 'ನೀವು ಹೆಚ್ಚಾದಿರಿ' ಎಂದು ಪ್ರಜೆಗಳನ್ನು ಯಾರೂ ನಿಂದಿಸಲಿಲ್ಲ. ಮೊದಲು ಎಲ್ಲೆ, ಅನಂತರ ವೃತ್ತಿ ಇದೇ ಉತ್ತರವಾಯಿತು. ಕೃಷಿ ಮತ್ತು ವಾಣಿಜ್ಯಗಳು ಒಂದೇ ಬಾಯಿಂದ ಹೊರಟ ಉಪದೇಶಗಳು, ಒಡಹುಟ್ಟಿದ ವೃತ್ತಿಗಳು ಎಂಬುದು ಇಲ್ಲಿ ವಿಶೇಷವಾಗಿ ಮನನೀಯ.

ಪುರಾಣದ ಈ ಕ್ರಮಕ್ಕೆ ಆಧುನಿಕ ಲೋಕದಲ್ಲಿಯೂ ಸಾಕ್ಷ್ಯ ದೊರೆಯುತ್ತದೆ. ಪಶ್ಚಿಮ ಆಫ್ರಿಕದ ನೈಜರ್ ಪ್ರಪಂಚದಲ್ಲಿಯೇ ಅತ್ಯಂತ ಹೆಚ್ಚು ಜನನಪ್ರಮಾಣವುಳ್ಳ ದೇಶಗಳಲ್ಲೊಂದು. ಮಳೆ ಅಲ್ಪ, ಮಣ್ಣು ಮರಳು. ಅಲ್ಲಿನ ಮರಾದಿ ಮತ್ತು ಜಿಂಡೆರ್ ಸೀಮೆಗಳ ರೈತರು 1980ರ ದಶಕದ ಮಧ್ಯದಿಂದ ಹೊಲದಲ್ಲಿ ಕಡಿದುಳಿದ ಮರದ ಬೇರುಗಳು ಚಿಗುರಿದಾಗ ಅವನ್ನು ಕೀಳದೆ ಕಾಪಾಡತೊಡಗಿದರು. ಸುಮಾರು 50 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಮರಗಳು ಮರಳಿ ನಿಂತವು. ಇದು ಜನ ಕಡಿಮೆಯಾದುದರಿಂದ ಆದದ್ದಲ್ಲ. ಜನ ಹೆಚ್ಚುತ್ತಿರುವಾಗಲೇ ಆಯಿತು. ಮರ ಸರಕಾರದ್ದೆಂಬ ಭಾವನೆ ಹೋಗಿ, ಸೌದೆ, ಮೇವು, ನೆರಳು ಬೆಳೆಸಿದವನಿಗೇ ದಕ್ಕತೊಡಗಿದುದು ಇದಕ್ಕೆ ಮುಖ್ಯ ಕಾರಣ. ಪೂರ್ವ ಆಫ್ರಿಕದ ಕೆನ್ಯಾದ ಮಚಾಕೋಸ್ ಜಿಲ್ಲೆಯಲ್ಲಿಯೂ 1930ರ ದಶಕದಿಂದ 1990ರವರೆಗೆ ಜನಸಂಖ್ಯೆ ಐದು ಪಟ್ಟಿಗೂ ಮಿಕ್ಕಿ ಬೆಳೆಯಿತು. ಅದೇ ಅವಧಿಯಲ್ಲಿ ಮಣ್ಣಿನ ಕೊಚ್ಚಣೆ ತಗ್ಗಿತು. ಒಂದೇ ಎರಡು ಕೈಗಳು ಭೂಮಿಯನ್ನು ಕೆಡಿಸಲೂಬಲ್ಲವು, ಉದ್ಧರಿಸಲೂಬಲ್ಲವು. ಯಾವುದಾಗುವುದೆಂಬುದು ಬಹುಮಟ್ಟಿಗೆ ಶ್ರಮದ ಫಲ ಯಾರಿಗೆ ಸೇರುತ್ತದೆ ಎಂಬುದನ್ನು ಅವಲಂಬಿಸಿದೆ.

ಇದೇ ಅಳತೆಗೋಲನ್ನು ರಾಣೆಬೆನ್ನೂರಿಗೆ ಹಿಡಿದು ನೋಡಬಹುದು. ಈ ತಾಲೂಕು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದುದು. ಟೊಮೆಟೊ, ಮೆಣಸಿನಕಾಯಿ, ಬೆಂಡೆ, ಹತ್ತಿ ಮುಂತಾದವುಗಳ ಹೂಗಳಲ್ಲಿ ಗಂಡುಭಾಗವನ್ನು ಕೈಯಿಂದ ತೆಗೆದು, ಇನ್ನೊಂದು ತಳಿಯ ಪರಾಗವನ್ನು ಒಂದೊಂದಾಗಿ ಮುಟ್ಟಿಸುವ ಕೆಲಸವಿದು. ಹತ್ತು ಗುಂಟೆ ಭೂಮಿಯಲ್ಲಿ ಹತ್ತಾರು ಕೈಗಳಿಗೆ ತಿಂಗಳುಗಟ್ಟಲೆ ಕೆಲಸ. ಭೂಮಿ ಸಣ್ಣದಾದರೂ ಶ್ರಮ ಮತ್ತು ವಿದ್ಯೆ ಸೇರಿದರೆ ಅದು ಹೆಚ್ಚು ಜನರನ್ನು ಪೊರೆಯಬಲ್ಲದೆಂಬುದಕ್ಕೆ ಇದು ಪ್ರತ್ಯಕ್ಷ ನಿದರ್ಶನ. ಆದರೆ ಬೀಜದ ಮೊಳಕೆಯ ಪರೀಕ್ಷೆಯಲ್ಲಿ ಸರಕು ತಿರಸ್ಕೃತವಾದರೆ ನಷ್ಟ ಬಹುತೇಕ ಬೆಳೆದವನದೇ. ಹತ್ತಿಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಬಾಲಕಿಯರು ದುಡಿದುದು ಆಂಧ್ರ, ಕರ್ನಾಟಕ, ಗುಜರಾತುಗಳಲ್ಲಿ ದಾಖಲಾದ ಸಂಗತಿ. ಇಲ್ಲಿ ಕೊರತೆಯಿರುವುದು ಭೂಮಿಯದಲ್ಲ, ನಷ್ಟದ ನ್ಯಾಯವಾದ ಹಂಚಿಕೆಯದು.

ಅಲ್ಲಿಯೇ ಇನ್ನೊಂದು ದೃಶ್ಯವಿದೆ. 1974ರಲ್ಲಿ ಸ್ಥಾಪಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಜೀವದಯಾಪರರೆಲ್ಲರಿಗೂ ಹೆಮ್ಮೆಯ ವಿಷಯ. ಆದರೆ ಆ ಮೃಗಗಳು ಅಭಯಾರಣ್ಯದ ಎಲ್ಲೆಯನ್ನು ಅರಿಯವು. ಎಳೆಯ ಗೋವಿನಜೋಳದ ಹೊಲಗಳಿಗೆ ನುಗ್ಗುತ್ತವೆ. ಪೇಟೆಯಲ್ಲಿ ಕುಳಿತು ಮೃಗದಯೆಯನ್ನು ಕೊಂಡಾಡುವವನ ಪುಣ್ಯಕ್ಕೆ ಬೆಲೆ ತೆರುವವನು ಅಂಚಿನ ಹೊಲದ ರೈತ. ಮೃಗವೂ ಬದುಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಯೆಯ ಖರ್ಚನ್ನು ಅತ್ಯಂತ ಬಡವನ ಖಾತೆಗೆ ಹಾಕಿ, ದಯೆಯ ಕೀರ್ತಿಯನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಅಹಿಂಸೆಯಾಗಲಾರದು.

ಖರ್ಚು ಯಾರ ಖಾತೆಗೆ ಎಂಬ ಈ ಪ್ರಶ್ನೆ ಎಲ್ಲಕ್ಕಿಂತ ತೀವ್ರವಾಗಿ ಏಳುವುದು ಬ್ಯಾಡಗಿಯ ಮಾರುಕಟ್ಟೆಯಲ್ಲಿ. ಗಾಢ ಕೆಂಪು ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳು ಪ್ರಸಿದ್ಧ. ಅದರಿಂದ ತೆಗೆದ ಬಣ್ಣದ ಸತ್ವ ಆಹಾರಪದಾರ್ಥಗಳಿಗೂ ತುಟಿಯ ರಂಗಿಗೂ ಬಳಕೆಯಾಗಿ ವಿದೇಶಗಳಿಗೆ ಹೋಗುತ್ತದೆ. ಹೆಸರು ಬ್ಯಾಡಗಿಯದಾದರೂ ಸರಕು ಇಂದು ಬಹುಪಾಲು ಬರುವುದು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಸೀಮೆಗಳಿಂದ. ದಲಾಲರು, ಖರೀದಿದಾರರು, ಹಮಾಲರು, ಚೀಲ ಹೊಲಿಯುವವರು, ಲಾರಿಯವರು, ಕಿಲೋ ಲೆಕ್ಕದ ಕೂಲಿಗೆ ತೊಟ್ಟು ಬಿಡಿಸುವ ಸಾವಿರಾರು ಮಹಿಳೆಯರು ಇವರೆಲ್ಲರ ಅನ್ನ ಆ ಕೆಂಪು ರಾಶಿಯಲ್ಲಿದೆ. ಹೊಲವಿಲ್ಲದವರಿಗೂ ಸಣ್ಣ ಹೊಲದವರಿಗೂ ವಾಣಿಜ್ಯವು ಆಸರೆಯಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಅದೇ ಪ್ರಾಂಗಣದಲ್ಲಿ 2024ರ ಮಾರ್ಚ್ 11ರಂದು, ಧಾರಣೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದುದು ಹಿಂಸೆ. ಅದನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೆ ಹಿಂಸೆಯನ್ನು ಕುರಿತು ಸೂಕ್ಷ್ಮವಾಗಿ ಚಿಂತಿಸಿದ ಪರಂಪರೆಯೊಂದು ಹೊಗೆ ಕಂಡಲ್ಲಿ ಮಾತ್ರ ಹಿಂಸೆಯನ್ನು ಕಂಡು ಸುಮ್ಮನಾಗಬಾರದು. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಮಾಡುವ ಪ್ರಾಣಪೀಡನೆಯೇ ಹಿಂಸೆ ಎಂದು ತತ್ತ್ವಾರ್ಥಸೂತ್ರಕಾರರು ಲಕ್ಷಣ ಹೇಳಿದ್ದಾರೆ. ವರ್ಷದ ದುಡಿಮೆ ಒಂದು ಮಧ್ಯಾಹ್ನದ ಧಾರಣೆಯಲ್ಲಿ ಕರಗಿಹೋದಾಗ ಯಾವೊಬ್ಬ ವ್ಯಾಪಾರಿಯೂ ಯಾರನ್ನೂ ಹೊಡೆದಿರುವುದಿಲ್ಲ. ಆದರೂ ಒಂದು ಮನೆಯ ಒಲೆ ಆರಿರುತ್ತದೆ. ಆ ಪೀಡೆ ಎಲ್ಲಿ ಬೀಳುತ್ತದೆಂದು ನೋಡದಿರುವುದು ಪ್ರಮಾದವಲ್ಲವೇ?

ಇಲ್ಲಿ ಜೈನಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನೇಗಿಲ ಮೊನೆಯಲ್ಲಿ ಅಸಂಖ್ಯ ಜೀವಿಗಳು ಸಾಯುತ್ತವೆ, ತಕ್ಕಡಿಯಲ್ಲಿ ಯಾವ ಜೀವಿಯೂ ಸಾಯುವುದಿಲ್ಲ, ಆದುದರಿಂದ ಕೃಷಿಗಿಂತ ವಾಣಿಜ್ಯ ಶುದ್ಧ ಎಂಬ ಭಾವನೆ ವ್ಯಾಪಾರಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಹದಿನೈದು ಕರ್ಮಾದಾನಗಳಲ್ಲಿ ಭೂಮಿಯನ್ನು ಸೀಳುವ ಸ್ಫೋಟಕರ್ಮವೂ ಸೇರಿರುವುದು ಇದಕ್ಕೆ ಆಧಾರ. ಆದರೆ ಅದೇ ಪಟ್ಟಿಯಲ್ಲಿ ದಂತ, ಅರಗು, ವಿಷ ಮುಂತಾದವುಗಳ ವಾಣಿಜ್ಯವೂ ಇದೆ. ವಾಣಿಜ್ಯವಾದ ಮಾತ್ರಕ್ಕೆ ಅದು ಶುದ್ಧವೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ಬೆಳಗಾವಿ, ಧಾರವಾಡ ಸೀಮೆಗಳ ಅಸಂಖ್ಯ ಜೈನ ಮನೆತನಗಳು ತಲೆತಲಾಂತರದಿಂದ ಒಕ್ಕಲುತನ ಮಾಡುತ್ತ ಶ್ರಾವಕವ್ರತಗಳನ್ನು ಪಾಲಿಸಿಕೊಂಡು ಬಂದಿವೆ. ನೇಗಿಲನ್ನು ಇನ್ನೊಬ್ಬನ ಕೈಗೆ ಕೊಟ್ಟು, ಅವನು ಬೆಳೆದುದನ್ನು ತೂಗಿ ಲಾಭ ಪಡೆಯುವವನಿಗೆ ನೇಗಿಲಿನ ಪಾಪ ತಟ್ಟದೆಂದರೆ ಅದು ವಿಚಿತ್ರ ಲೆಕ್ಕ. ಉದ್ಯೋಗೀ ಹಿಂಸೆಯನ್ನು ಗೃಹಸ್ಥನಿಗೆ ಕ್ಷಮ್ಯವೆಂದದ್ದು ಬದುಕಿನ ಅನಿವಾರ್ಯಕ್ಕಾಗಿ; ಇನ್ನೊಬ್ಬನ ಮೇಲೆ ಹೊರಿಸಿ ಮರೆಯುವುದಕ್ಕಾಗಿ ಅಲ್ಲ. ಕೃಷಿಕನು ಜೀವಹಿಂಸೆಯ ಭಾರವನ್ನೂ ಹೊತ್ತು, ಮಳೆಯ ಭಾರವನ್ನೂ ಹೊತ್ತು, ಕೊನೆಗೆ ಧಾರಣೆಯ ಭಾರವನ್ನೂ ಒಬ್ಬನೇ ಹೊರುತ್ತಾನೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿನ ಮೇಲೆ ಹೊರಲಾಗದ ಹೊರೆ ಹೇರುವುದು ದೋಷವಾದರೆ, ಮನುಷ್ಯನ ಬದುಕಿನ ಮೇಲೆ ಹೇರುವುದು ದೋಷವಲ್ಲವೆನ್ನಲು ಬರುವುದಿಲ್ಲ.

ಇದಕ್ಕೆ ವ್ಯಾಪಾರಿಯ ಪಕ್ಷದಿಂದ ಬರುವ ಉತ್ತರವನ್ನೂ ಗೌರವದಿಂದ ಕೇಳಬೇಕು. 'ಧಾರಣೆ ಯಾರೊಬ್ಬರ ಇಚ್ಛೆಯಿಂದಲೂ ಆಗುವುದಿಲ್ಲ. ಆವಕ ಹೆಚ್ಚಿದರೆ ಇಳಿಯುತ್ತದೆ, ಬೇಡಿಕೆ ಹೆಚ್ಚಿದರೆ ಏರುತ್ತದೆ. ಹಸಿ ಸರಕಿಗೆ ಒಣ ಸರಕಿನ ಬೆಲೆ ಕೊಡಲಾಗದು. ಪೇಟೆಗಿಂತ ಹೆಚ್ಚು ಕೊಟ್ಟವನು ಪಕ್ಕದ ಅಂಗಡಿಯವನೆದುರು ದಿವಾಳಿಯಾಗುತ್ತಾನೆ' ಎಂಬುದು ಆ ಉತ್ತರ. ಇದರಲ್ಲಿ ಸುಳ್ಳಿಲ್ಲ. ಆದರೆ ಒಂದು ಅಂಶ ಬಿಟ್ಟುಹೋಗಿದೆ. ಆವಕ ಮತ್ತು ಬೇಡಿಕೆಗಳೆದುರು ರೈತನೂ ವ್ಯಾಪಾರಿಯೂ ಸಮಾನರಲ್ಲ. ಒಬ್ಬನು ಕಾಯಬಲ್ಲನು, ಇನ್ನೊಬ್ಬನು ಕಾಯಲಾರನು. ಬ್ಯಾಡಗಿಯ ಸುತ್ತ ಶೈತ್ಯಾಗಾರಗಳಿವೆ. ಬಂಡವಾಳವುಳ್ಳವನು ಮಾರ್ಚಿಯಲ್ಲಿ ಕೊಂಡ ಚೀಲವನ್ನು ಅಲ್ಲಿಟ್ಟು ತಿಂಗಳುಗಟ್ಟಲೆ ತಾಳಬಲ್ಲನು. ಬಾಡಿಗೆ ಲಾರಿಯಲ್ಲಿ ಸರಕು ತಂದ ರೈತನಿಗೆ ಸಾಲದ ಕಂತು, ಮಗಳ ಮದುವೆ, ಮುಂದಿನ ಬಿತ್ತನೆ ಎಲ್ಲವೂ ಎದುರಿಗೆ ನಿಂತಿರುತ್ತವೆ.

ಕಾಯಲಾಗದ ಈ ಅವಸ್ಥೆ ಮಾರುವಾಗ ಮಾತ್ರವಲ್ಲ, ಬಿತ್ತುವಾಗಲೂ ಉಂಟು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಗೋಲೀಬಾರ್ ನಡೆದು ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಮುಂಗಾರಿನ ಹದ ಕೆಲವೇ ದಿನ ಇರುತ್ತದೆ. ಗೊಬ್ಬರದ ಚೀಲ ಹದಿನೈದು ದಿನ ತಡವಾದರೆ ಅದು ರೈತನಿಗೆ ಒಂದು ವರ್ಷದ ತಡ. ಸಣ್ಣ ಹಿಡುವಳಿಯ ನಿಜವಾದ ದೌರ್ಬಲ್ಯ ಅದರ ವಿಸ್ತೀರ್ಣಕ್ಕಿಂತ ಹೆಚ್ಚಾಗಿ ಈ ಕಾಯಲಾಗದ ಸ್ಥಿತಿಯಲ್ಲಿದೆ. ಹಾಗಾದರೆ ಪರಿಗ್ರಹವೆಂಬುದಕ್ಕೂ ಹೊಸ ಅರ್ಥವೊಂದು ಹೊಳೆಯುತ್ತದೆ. ಧನವೆಂದರೆ ಕೇವಲ ಹೊನ್ನು, ಮನೆ, ಧಾನ್ಯಗಳ ಸಂಗ್ರಹವಲ್ಲ. ಅದು ಕಾಯುವ ಶಕ್ತಿಯ ಸಂಗ್ರಹ. ಇತರರ ಆತುರದಿಂದ ತನ್ನ ತಾಳ್ಮೆಗೆ ಲಾಭ ಪಡೆಯುವುದು ವ್ಯಾಪಾರದ ಮರ್ಮವಾಗಿರಬಹುದು. ಆದರೆ ಅದಕ್ಕೆ ಪರಿಮಾಣ ಬೇಕೆಂಬುದೇ ಪರಿಗ್ರಹಪರಿಮಾಣವ್ರತದ ಆಶಯ.

ಈ ಪರಿಮಾಣ ಆಚರಣೆಯಲ್ಲಿ ಹೇಗಿರಬೇಕು? ವ್ರತವು ಅಣುವಾಗಿರುವುದರಿಂದ ಅದು ಅಸಾಧ್ಯವನ್ನು ಬೇಡುವುದಿಲ್ಲ. ಮೊದಲನೆಯದು, ಅಳತೆ ಮತ್ತು ತೂಕದಲ್ಲಿ ಹೆಚ್ಚುಕಡಿಮೆ ಮಾಡದಿರುವುದು, ಒಂದು ಸರಕನ್ನು ಇನ್ನೊಂದರ ಹೆಸರಿನಲ್ಲಿ ಮಾರದಿರುವುದು. ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರಗಳೆಂದು ಇವೆರಡನ್ನೂ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಬೇರೆ ತಳಿಯ ಕಾಯಿಯನ್ನು ಬ್ಯಾಡಗಿಯೆಂದು ಬೆರೆಸಿ ಮಾರುವುದು ಕೊಳ್ಳುವವನಿಗೆ ಮಾಡುವ ಮೋಸ ಮಾತ್ರವಲ್ಲ, ಅಸಲಿ ತಳಿಯನ್ನು ಉಳಿಸಿಕೊಂಡ ರೈತನ ಅನ್ನದ ಕಳವು. ಎರಡನೆಯದು, ಹಣವನ್ನು ಹೇಳಿದ ದಿನಕ್ಕೆ ಸಲ್ಲಿಸುವುದು. ಪಟ್ಟಿಯ ಹಣ ತಡೆಹಿಡಿದರೆ ಅದು ಅಧೀನರ ಅನ್ನನೀರಿಗೆ ತಡೆಯೊಡ್ಡುವ ಅನ್ನಪಾನನಿರೋಧವೇ ಆಗುತ್ತದೆ. ಮೂರನೆಯದು, ಸರಕಿನ ತೇವಾಂಶ, ಬಣ್ಣಗಳ ದೋಷವನ್ನು ರೈತನಿಗೆ ಮೊದಲೇ ತಿಳಿಸಿ ತಿದ್ದಿಕೊಳ್ಳಲು ಅವಕಾಶ ಕೊಡುವುದು. ನಾಲ್ಕನೆಯದು, ತನ್ನ ಕಾಯುವ ಶಕ್ತಿಯಲ್ಲಿ ಒಂದು ಪಾಲನ್ನು ರೈತನಿಗೆ ಎರವಲು ಕೊಡುವುದು. ಧಾರಣೆ ಕುಸಿದ ವಾರದಲ್ಲಿ ಸರಕನ್ನು ಕೊಳ್ಳುವ ಬದಲು, ಅದರ ಆಧಾರದ ಮೇಲೆ ನ್ಯಾಯವಾದ ಬಡ್ಡಿಗೆ ಮುಂಗಡ ಕೊಟ್ಟು, ಶೈತ್ಯಾಗಾರದಲ್ಲಿ ರೈತನ ಹೆಸರಿನಲ್ಲಿಯೇ ಇರಿಸಿದರೆ ವ್ಯಾಪಾರಿಯೂ ಉಳಿಯುತ್ತಾನೆ, ರೈತನೂ ಉಳಿಯುತ್ತಾನೆ. ಐದನೆಯದು, ತೊಟ್ಟು ಬಿಡಿಸುವ ಕೈಗಳ ಕೂಲಿಯನ್ನು ಧಾರಣೆಯ ಏರಿಳಿತಕ್ಕೆ ಬಲಿಕೊಡದಿರುವುದು. ಖಾರದ ಧೂಳಿನಲ್ಲಿ ದಿನವಿಡೀ ಕುಳಿತುಕೊಳ್ಳುವ ಆ ತಾಯಂದಿರಿಗೆ ನೆರಳು, ನೀರು, ಮೂಗಿಗೆ ಬಟ್ಟೆ ಒದಗಿಸುವುದು ದಾನವಲ್ಲ, ಋಣ.

ದಾನದ ಮಾತು ಬಂದುದರಿಂದ ಒಂದು ಎಚ್ಚರಿಕೆ ಅಗತ್ಯ. ನ್ಯಾಯದಿಂದ ಗಳಿಸಿದ ಧನವುಳ್ಳವನು ಎಂಬುದು ಶ್ರಾವಕನ ಗುಣಗಳಲ್ಲಿ ಮೊದಲನೆಯದೆಂದು ಪೂರ್ವಾಚಾರ್ಯರು ಎಣಿಸಿದ್ದಾರೆ. ದಾನ ಆಮೇಲಿನ ಮಾತು. ಮಾರ್ಚಿಯಲ್ಲಿ ರೈತನ ಆತುರದಿಂದ ಪಡೆದ ಲಾಭದಲ್ಲಿ ಒಂದಂಶವನ್ನು ಪರ್ವದಲ್ಲಿ ಅನ್ನಸಂತರ್ಪಣೆಗೆ ಕೊಟ್ಟರೆ ಸಂತರ್ಪಣೆ ಆದೀತು, ಆದರೆ ಮಾರ್ಚಿಯ ಲೆಕ್ಕ ಚುಕ್ತಾ ಆಗದು. ವ್ಯಾಪಾರದ ಹೊತ್ತಿನಲ್ಲಿ ಆದ ಅನ್ಯಾಯಕ್ಕೆ ವ್ಯಾಪಾರದ ಹೊತ್ತಿನಲ್ಲಿಯೇ ಪರಿಹಾರ ನಡೆಯಬೇಕು.

ಇದೆಲ್ಲ ಒಬ್ಬಿಬ್ಬರು ವ್ಯಾಪಾರಿಗಳಿಂದ ಆಗುವ ಕೆಲಸವೇ ಎಂಬ ಶಂಕೆ ಉಳಿಯುತ್ತದೆ. ನೀರಾವರಿ, ಬೆಳೆವಿಮೆ, ಬೆಂಬಲ ಬೆಲೆ, ಶಾಲೆ, ಊರಲ್ಲಿಯೇ ನಡೆಯುವ ಉದ್ಯಮ ಇವೆಲ್ಲ ಸರಕಾರ ಮತ್ತು ಸಮಾಜಗಳು ಕೂಡಿ ಮಾಡಬೇಕಾದವು ಎಂಬುದರಲ್ಲಿ ಸಂದೇಹವಿಲ್ಲ. ಚಿಕ್ಕ ಸಂಸಾರದ ಹಿತವನ್ನು ಜನರು ತಾವೇ ಅರಿತು ನಡೆದಿದ್ದಾರೆಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಅವರು ತಮ್ಮ ಪಾಲಿನ ಮಿತಿಯನ್ನು ಪಾಲಿಸಿರುವಾಗ ಮಿತಿಯ ಪ್ರಶ್ನೆ ಇನ್ನು ತಕ್ಕಡಿ ಹಿಡಿದವರ ಕಡೆಗೆ ತಿರುಗುತ್ತದೆ. ಕೃಷಿ ಮತ್ತು ವಾಣಿಜ್ಯಗಳನ್ನು ಕಲಿಸಿದವನು ಒಬ್ಬನೇ ಎಂದು ನಂಬುವ ಸಮಾಜವು ಒಂದರ ನಷ್ಟದ ಮೇಲೆ ಇನ್ನೊಂದರ ಲಾಭವನ್ನು ಕಟ್ಟಲು ಒಪ್ಪಬಾರದು. ಮುಂದಿನ ಹಂಗಾಮಿನಲ್ಲಿ ಮೆಣಸಿನಕಾಯಿಯ ಚೀಲಗಳು ಬ್ಯಾಡಗಿಯ ಪ್ರಾಂಗಣಕ್ಕೆ ಬಂದಿಳಿದಾಗ, ಧಾರಣೆಯನ್ನು ಬರೆಯುವ ಮುನ್ನ ಈ ಚೀಲದ ಒಡೆಯನು ಎಷ್ಟು ದಿನ ಕಾಯಬಲ್ಲನು ಎಂದು ಪ್ರತಿಯೊಬ್ಬ ಶ್ರಾವಕ ವ್ಯಾಪಾರಿಯೂ ಒಮ್ಮೆ ವಿಚಾರಿಸಿಕೊಂಡರೆ, ಅಣುವ್ರತವು ಬಸದಿಯಿಂದ ಪೇಟೆಗೆ ನಡೆದುಬಂದಂತಾಗುತ್ತದೆ.